ಅಮ್ಮ ಹೊತ್ತ ಹರಕೆಯನ್ನು ಮಗಳು ತೀರಿಸಬೇಕೇ?

ಪ್ರಶ್ನೆ: ನನಗೆ 22 ವರ್ಷ. ಊರು ಮಂಡ್ಯ, ನಮ್ಮದು ಕ್ಯಾಥೊಲಿಕ್ ಕುಟುಂಬ. ಡಿಗ್ರಿ ಮುಗಿಸಿ ಮೈಸೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಮೂರು ತಿಂಗಳ ಮಗುವಾಗಿದ್ದಾಗ ನ್ಯುಮೋನಿಯಾ ಬಂದು ನಾನು ಉಳಿಯುವುದೇ ಕಷ್ಟ ಅಂದಿದ್ದರಂತೆ. ಅಮ್ಮ ಡೋರ್ನಹಳ್ಳಿ ಚರ್ಚಿನ ಸಂತ ಅಂತೋಣಿಯವರಿಗೆ ಹರಕೆ ಹೊತ್ತರು, ಮಗು ಬದುಕಿದರೆ ಕಾನ್ವೆಂಟಿಗೆ ಕೊಡುತ್ತೇನೆ ಅಂತ. ಈಗ ಜೂನ್‌ನಲ್ಲಿ ಸೇರಲೇಬೇಕು ಅನ್ನುತ್ತಿದ್ದಾರೆ. ನನಗೆ ದೇವರೆಂದರೆ ಪ್ರೀತಿ, ಚರ್ಚಿನಲ್ಲಿ ಹಾಡುತ್ತೇನೆ. ಆದರೆ ಸಿಸ್ಟರ್ ಆಗುವ ಮನಸ್ಸು ಇಲ್ಲ. ಬೇಡ ಅಂದರೆ, ‘ನನ್ನ ಮೇಲೆ ಪ್ರೀತಿಯಿದ್ದರೆ ನನ್ನ ಆಜ್ಞೆ ಪಾಲಿಸುತ್ತೀರಿ ಅಂತ ಪ್ರಭುವೇ ಹೇಳಿಲ್ವಾ’ ಅನ್ನುತ್ತಾರೆ. ಹೋದ ವರ್ಷ ತಮ್ಮ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಹರಕೆ ಬಾಕಿ ಇರೋದಕ್ಕೇ ಹೀಗಾಯಿತು ಅಂತ ಅಜ್ಜಿ ಅಂದರು. ನಾನು ದೇವರಿಗೆ ಅವಿಧೇಯಳಾಗುತ್ತಿದ್ದೇನಾ?

ಉತ್ತರ: ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ. ನೀನು ಅವಿಧೇಯಳಾಗುತ್ತಿಲ್ಲ. ತಮ್ಮನ ಕಾಲು ಮುರಿದಿದ್ದಕ್ಕೂ ನಿನಗೂ ಸಂಬಂಧವೇ ಇಲ್ಲ. ಆ ಭಾರವನ್ನು ಇವತ್ತೇ ಇಳಿಸು.

ಧರ್ಮಸಭೆಯ ಕಾನೂನೇ ನಿನ್ನ ಕಡೆಗಿದೆ. 1983ರ ಕಾನೂನು ಸಂಹಿತೆಯ 1193ನೇ ವಿಧಿ ತುಂಬ ಚಿಕ್ಕದು: ಹರಕೆಯ ಋಣ ಅದನ್ನು ಹೊತ್ತವರದ್ದು ಮಾತ್ರ. ಅಮ್ಮ ಹೊತ್ತ ಹರಕೆ ಅಮ್ಮನದು. ಅವರ ಹೆಸರಿನಲ್ಲಿ ನೀನು ತೀರಿಸಬೇಕಾದ ಸಾಲ ಯಾವುದೂ ಇಲ್ಲ. 643ನೇ ವಿಧಿ ಇನ್ನೂ ಮುಂದೆ ಹೋಗುತ್ತದೆ. ಬಲವಂತಕ್ಕೋ ದೊಡ್ಡ ಭಯಕ್ಕೋ ಸಿಕ್ಕಿ ಒಬ್ಬಳು ನೊವಿಷಿಯೇಟ್ (ಸಿಸ್ಟರ್ ಆಗುವ ಮೊದಲಿನ ತರಬೇತಿ) ಸೇರಿದರೆ ಆ ಸೇರ್ಪಡೆಯೇ ಅಸಿಂಧು. ಅಂದರೆ ಅಮ್ಮನ ಕಣ್ಣೀರಿಗೆ ಹೆದರಿ ನೀನು ಹೋದರೂ ದೇವರ ಮುಂದೆ ಹರಕೆ ತೀರಿದಂತಾಗುವುದಿಲ್ಲ. ಒಂದು ಸುಳ್ಳು ಶುರುವಾದಂತಾಗುತ್ತದೆ, ಅಷ್ಟೇ.

ಇನ್ನು ಅಮ್ಮ ಹೇಳುವ ವಚನ. ಅದು ಸಂತ ಯೊವಾನ್ನರ ಶುಭಸಂದೇಶದ 14ನೇ ಅಧ್ಯಾಯದ್ದು. ನಿಜ, ಪ್ರಭು ಹಾಗೆ ಹೇಳಿದ್ದಾರೆ. ಯಾವಾಗ ಹೇಳಿದರು ಅನ್ನುವುದನ್ನೂ ನೋಡಬೇಕಲ್ವಾ? ಕೊನೆಯ ಭೋಜನದ ರಾತ್ರಿ. ಸ್ವಲ್ಪ ಹೊತ್ತಿನ ಹಿಂದೆ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಬೋಗುಣಿಗೆ ನೀರು ಸುರಿದು, ಒಬ್ಬೊಬ್ಬ ಶಿಷ್ಯನ ಕಾಲನ್ನೂ ತೊಳೆದು ಒರೆಸಿದ್ದರು. ಮರುದಿನ ಅವರಿಗಾಗಿ ಪ್ರಾಣ ಕೊಡುವವರಿದ್ದರು. ಆ ಆಜ್ಞೆ ಏನು ಅಂತಲೂ ಮುಂದಿನ ಅಧ್ಯಾಯದಲ್ಲಿ ಅವರೇ ಹೇಳುತ್ತಾರೆ: ನಾನು ನಿಮ್ಮನ್ನು ಪ್ರೀತಿಸಿದ ಹಾಗೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಿ. ಅದಾದ ಮೇಲೆ, ಇನ್ನು ನಿಮ್ಮನ್ನು ಆಳುಗಳು ಅನ್ನುವುದಿಲ್ಲ, ನೀವು ನನ್ನ ಗೆಳೆಯರು ಅನ್ನುತ್ತಾರೆ. ಯೇಸು ಕೇಳುವ ವಿಧೇಯತೆ ಪ್ರೀತಿ ತುಂಬಿ ತಾನಾಗಿ ಬರುವಂಥದ್ದು. ‘ಪ್ರೀತಿ ಇದ್ದರೆ ಮಾಡಿ ತೋರಿಸು’ ಅನ್ನುವ ಪಂಥ ಅದರಲ್ಲಿಲ್ಲ. ಆ ವಚನವನ್ನು ಯಾವ ತಂದೆತಾಯಿಯೂ ತಮ್ಮ ಆಸೆಗೆ ಒತ್ತಾಸೆಯಾಗಿ ಬಳಸಬಾರದು. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಅಮ್ಮ ಬೈಬಲ್‌ನ ಹನ್ನಳ ಕಥೆಯನ್ನೂ ಎತ್ತಬಹುದು. ಮಕ್ಕಳಿಲ್ಲದ ಹನ್ನ ಅತ್ತು, ಹರಕೆ ಹೊತ್ತು ಬೇಡಿಕೊಂಡಳು, ಸಮುವೇಲ ಹುಟ್ಟಿದ, ಹಾಲು ಬಿಡಿಸಿದ ಮೇಲೆ ಅವನನ್ನು ದೇವಾಲಯಕ್ಕೆ ಒಪ್ಪಿಸಿದಳು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಮುವೇಲನ ಮೊದಲ ಗ್ರಂಥದ ಮೂರನೇ ಅಧ್ಯಾಯ ತೆಗೆದು ಓದು. ರಾತ್ರಿ ಹುಡುಗ ಮಲಗಿದ್ದಾಗ ದೇವರು ‘ಸಮುವೇಲ’ ಅಂತ ಕರೆಯುತ್ತಾರೆ. ಅವನು ಯಾಜಕ ಏಲಿ ಕರೆದರು ಅಂದುಕೊಂಡು ಓಡುತ್ತಾನೆ. ಮೂರು ಸಲ ಹೀಗಾಗುತ್ತದೆ. ಆಮೇಲೆ ಏಲಿಗೆ ಅರ್ಥವಾಗಿ, ಮುಂದಿನ ಸಲ ಏನು ಉತ್ತರ ಕೊಡಬೇಕು ಅಂತ ಹೇಳಿಕೊಡುತ್ತಾನೆ. ತಾಯಿ ಕೊಟ್ಟ ಮಗನನ್ನೂ ದೇವರು ಹೆಸರು ಹಿಡಿದು ಕರೆದರು. ‘ಹೇಳಿ, ನಿಮ್ಮ ದಾಸ ಕೇಳುತ್ತಿದ್ದಾನೆ’ ಅಂತ ಸಮುವೇಲನೇ ಹೇಳಬೇಕಾಯಿತು. ಹನ್ನ ಅವನ ಪರವಾಗಿ ಉತ್ತರ ಕೊಡಲಿಲ್ಲ.

ಅಂತೋಣಿಯವರ ಬದುಕೂ ಹಾಗೇ ಇದೆ. ಲಿಸ್ಬನ್‌ನಲ್ಲಿ ಹುಟ್ಟಿದ ಅವರ ಮೊದಲ ಹೆಸರು ಫೆರ್ನಾಂಡೊ. ಸೇರಿದ್ದು ಅಗಸ್ಟೀನಿಯನ್ ಮಠಕ್ಕೆ. 1220ರಲ್ಲಿ ಮೊರಾಕ್ಕೊದಲ್ಲಿ ಕೊಲೆಯಾದ ಫ್ರಾನ್ಸಿಸ್ಕನ್ ಸನ್ಯಾಸಿಗಳ ಅವಶೇಷಗಳನ್ನು ಕಂಡು ಮನಸ್ಸು ಕಲಕಿತು. ಅನುಮತಿ ಕೇಳಿ ಆ ಸಭೆಗೆ ಸೇರಿಕೊಂಡರು. ತನಗೆ ಬಂದ ಕರೆಯನ್ನು ತಾನೇ ಕೇಳಿಸಿಕೊಂಡ ಸಂತ ಅವರು. ನಿನಗೆ ಬಾರದ ಕರೆಗೆ ನೀನು ಓಗೊಡಲಿ ಅಂತ ಅವರು ಯಾಕೆ ಹಟ ಹಿಡಿಯುತ್ತಾರೆ?

ತಂದೆತಾಯಿಗೆ ವಿಧೇಯರಾಗಿ ಅಂತ ಸಂತ ಪೌಲರು ಬರೆದಿಲ್ವಾ ಅಂತ ಯಾರಾದರೂ ಕೇಳಿದರೆ, ಎಫೆಸದವರಿಗೆ ಬರೆದ ಅದೇ ಪತ್ರದಲ್ಲಿ, ಅದೇ 6ನೇ ಅಧ್ಯಾಯದಲ್ಲಿ, ಮಕ್ಕಳನ್ನು ಕೆಣಕಬೇಡಿ ಅಂತ ತಂದೆಯರಿಗೂ ಹೇಳಿದ್ದಾರೆ. ಕ್ಯಾಥೊಲಿಕ್ ಧರ್ಮೋಪದೇಶದ ಗ್ರಂಥದಲ್ಲಿ 2217 ಮತ್ತು 2230ನೇ ಕಲಂಗಳಿವೆ. ಬೆಳೆದು ಸ್ವಂತ ಕಾಲ ಮೇಲೆ ನಿಂತ ಮಕ್ಕಳಿಗೆ ವಿಧೇಯತೆಯ ಬಾಧ್ಯತೆ ಮುಗಿಯುತ್ತದೆ, ಗೌರವದ ಬಾಧ್ಯತೆ ಯಾವತ್ತೂ ಮುಗಿಯುವುದಿಲ್ಲ. ಬದುಕಿನ ದಾರಿ ಆರಿಸಿಕೊಳ್ಳುವುದು ಅವರ ಹಕ್ಕು, ಕರ್ತವ್ಯ ಕೂಡ.

ಗೌರವದ ಮಾತು ಬಂದಿದ್ದಕ್ಕೆ ಅಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಉಸಿರಾಡಲು ಒದ್ದಾಡುವ ಕೂಸನ್ನು ಎದೆಗವಚಿಕೊಂಡ ತಾಯಿ ತನ್ನ ಹತ್ತಿರ ಇರುವುದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಕೊಡುತ್ತೇನೆ ಅಂದಿದ್ದಾರೆ. ಅವರ ಹತ್ತಿರ ಇದ್ದದ್ದು ನೀನೇ. ಇಷ್ಟು ವರ್ಷ ಪ್ರತಿ ಜ್ವರಕ್ಕೂ, ಪ್ರತಿ ಅಪಘಾತಕ್ಕೂ ಆ ಹರಕೆ ನೆನಪಾಗಿ ಒಳಗೇ ನಡುಗಿರುತ್ತಾರೆ. ನನಗೆ ಅನಿಸುವುದು, ಅವರಿಗೆ ಬೇಕಾಗಿರುವುದು ನೀನು ಸಿಸ್ಟರ್ ಆಗುವುದಕ್ಕಿಂತ ಜಾಸ್ತಿಯಾಗಿ ಆ ಭಯದಿಂದ ಬಿಡುಗಡೆ. ಅದಕ್ಕೆ ದಾರಿಯಿದೆ.

ವೈಯಕ್ತಿಕ ಹರಕೆಯಿಂದ ಸರಿಯಾದ ಕಾರಣವಿದ್ದರೆ ಬಿಡುಗಡೆ ಕೊಡುವ ಅಧಿಕಾರ ನಿಮ್ಮ ಚರ್ಚಿನ ಗುರುಗಳಿಗೇ ಇದೆ (1196ನೇ ವಿಧಿ). ಅದನ್ನು ಬೇರೆ ಒಳ್ಳೆಯ ಕೆಲಸಕ್ಕೆ ಬದಲಿಸಿಕೊಡಲೂಬಹುದು. ಅಂತೋಣಿಯವರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಪದ್ಧತಿ ಹಳೆಯದು. ಡೋರ್ನಹಳ್ಳಿಯಲ್ಲಿ ಹಸಿದವರಿಗೆ ಊಟ ಹಾಕಿಸುವುದೋ, ಕಾಯಿಲೆಯಲ್ಲಿರುವ ಒಂದು ಮಗುವಿನ ಔಷಧಿಗೆ ನೆರವಾಗುವುದೋ, ಅಮ್ಮನೇ ಆರಿಸಲಿ. ಖರ್ಚಿನಲ್ಲಿ ನಿನ್ನ ಸಂಬಳದ್ದೂ ಒಂದು ಪಾಲಿರಲಿ.

ಈ ಭಾನುವಾರ ಪೂಜೆ ಮುಗಿದ ಮೇಲೆ ನೀನೊಬ್ಬಳೇ ಫಾದರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳು. ಆಮೇಲೆ ಅಮ್ಮನನ್ನು ಕರೆದುಕೊಂಡು ಹೋಗು. ವಿಧಿಯ ಸಂಖ್ಯೆಗಳನ್ನು ಅಮ್ಮನ ಮುಂದೆ ಹಿಡಿದು ವಾದಕ್ಕೆ ನಿಲ್ಲಬೇಡ, ಅವನ್ನು ಫಾದರ್ ಹೇಳಲಿ. ‘ಸುಮ್ನೆ ಹೋಗಿ ನೋಡು, ಇಷ್ಟ ಆಗದಿದ್ದರೆ ಬಂದುಬಿಡು’ ಅಂತ ಯಾರಾದರೂ ಅಂದರೆ ಒಪ್ಪಬೇಡ. ಕಾನ್ವೆಂಟಿನಿಂದ ವಾಪಸ್ ಬಂದ ಹುಡುಗಿಯನ್ನು ನಮ್ಮ ಊರುಗಳು ಹೇಗೆ ಮಾತಾಡಿಸುತ್ತವೆ ಅಂತ ನಿನಗೂ ಗೊತ್ತು. ಯಾವುದೋ ಹುಡುಗನಿದ್ದಾನೆ ಅಂತ ಸುಳ್ಳು ನೆಪ ಹೇಳುವುದೂ ಬೇಡ. ಮುಂದೆ ಯಾವತ್ತಾದರೂ ನಿಜವಾಗಿ ಕರೆ ಬಂದರೆ ಆಗ ಹೋಗು. ಆ ಬಾಗಿಲು ಮುಚ್ಚಿಲ್ಲ.

ಫಾದರ್ ಮೊದಲ ಸಲ ‘ನೋಡೋಣಮ್ಮ’ ಅಂದು ಕಳಿಸಿದರೆ ಮತ್ತೆ ಹೋಗು. ಜೂನ್ ಬರುವ ತನಕ ಕಾಯಬೇಡ.