ಬ್ಲೂಟೂತ್ ಸೆನ್ಸರ್‌ನ ಮೈಕ್ರೋಆಂಪ್ ಅಳೆಯಲು ಶೇ. 1 ನಿಖರತೆಯ ಮೀಟರೇ ಬೇಕಾ, ಶೇ. 10 ಇದ್ದರೆ ಸಾಕಾ?

ನೀವು ಕೇಳಿದ್ದನ್ನು ಓದಿದಾಗ ಆರು ವರ್ಷದ ಹಿಂದಿನ ನನ್ನ ಮೇಜು ಕಣ್ಣ ಮುಂದೆ ಬಂತು. ಅದೇ ಕಾಯಿನ್ ಸೆಲ್, ಅದೇ ಮಲ್ಟಿಮೀಟರ್, ಅದೇ ಶೇಕಡಾವಾರು ಲೆಕ್ಕ.

ಆಗ ಮಂಡ್ಯದ ಒಂದು ಬೆಲ್ಲದ ಗೋದಾಮಿಗೆ 40 ಟ್ಯಾಗ್ ಮಾಡಿಕೊಟ್ಟಿದ್ದೆ. ಮಳೆಗಾಲದಲ್ಲಿ ಬೆಲ್ಲ ತೇವ ಎಳೆದುಕೊಂಡು ಜಿನುಗುತ್ತದೆ. ಹಾಗಾಗಿ ಅಟ್ಟಿಗಳ ನಡುವೆ ತೇವ ಎಷ್ಟಿದೆ ಎಂದು ನೋಡಿ ಕಳಿಸುವ ಟ್ಯಾಗ್ ಅದು. ಒಂದೊಂದಕ್ಕೂ ಒಂದು ಸಿಆರ್2032 ಕಾಯಿನ್ ಸೆಲ್, ಅಂದರೆ ಸುಮಾರು 220 ಮಿಲಿಆಂಪ್ ಅವರ್. ಟ್ಯಾಗ್ ಕೆಲಸವಿಲ್ಲದೆ ಮಲಗಿದ್ದಾಗ ಮೀಟರ್ 6 ಮೈಕ್ರೋಆಂಪ್ ತೋರಿಸಿತು. ಅದರಲ್ಲೇ ಲೆಕ್ಕ ಹಾಕಿದರೆ 4 ವರ್ಷ. ರೇಡಿಯೋದ ಖರ್ಚು ಸೇರಿಸಿ, 3 ವರ್ಷ ಎಂದು ಯಜಮಾನರಿಗೆ ಮಾತು ಕೊಟ್ಟೆ.

ಯುಗಾದಿ ಮುಗಿದ ಮೇಲೆ ಕಟ್ಟಿದ್ದು. ಗೌರಿ ಹಬ್ಬದ ಹೊತ್ತಿಗೆ ಒಂದೊಂದೇ ಸುಮ್ಮನಾದವು. "ಮೂರು ವರ್ಸ ಅಂದಿದ್ದಲ್ಲಪ್ಪಾ, ಐದು ತಿಂಗ್ಳೂ ಆಗ್ನಿಲ್ವಲ್ಲ" ಎಂದರು ಯಜಮಾನರು. ಮುಖ ಎತ್ತಿ ಮಾತಾಡಲು ಆಗಲಿಲ್ಲ.

ತಪ್ಪು ಎಲ್ಲಿತ್ತು ಗೊತ್ತಾ? ಬೋರ್ಡನ್ನು ಕಂಪ್ಯೂಟರಿಗೆ ಸೇರಿಸುವ ಯುಎಸ್‌ಬಿ ಸೀರಿಯಲ್ ಕೇಬಲ್‌ನಲ್ಲಿ. ಬೋರ್ಡ್ ಮಲಗಿದೆಯೋ ಇಲ್ಲವೋ ನೋಡಲು ಅದನ್ನು ಚುಚ್ಚಿಟ್ಟುಕೊಂಡೇ ಅಳೆದಿದ್ದೆ. ಸೀರಿಯಲ್ ತಂತಿ ಸುಮ್ನೆ ಇದ್ದಾಗಲೂ ಅದರ ಟಿಎಕ್ಸ್‌ನಲ್ಲಿ, ಅಂದರೆ ಡೇಟಾ ಕಳಿಸುವ ತಂತಿಯಲ್ಲಿ, 3.3 ವೋಲ್ಟ್ ಇರುತ್ತದೆ. ಅದು ಚಿಪ್‌ನ ಆರ್‌ಎಕ್ಸ್, ಅಂದರೆ ಡೇಟಾ ಪಡೆಯುವ ಪಿನ್‌ಗೆ ಹೋಗುತ್ತದೆ. ಆ ಪಿನ್ನಿನೊಳಗೆ ಚಿಪ್ ಕಾಯಲು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಇರುತ್ತದೆ, ಅದರ ಇನ್ನೊಂದು ತುದಿ ಸಪ್ಲೈಗೆ ಸೇರಿದೆ. ಡಯೋಡ್‌ನಲ್ಲಿ ಅರ್ಧ ವೋಲ್ಟ್ ಕಳೆದರೂ ಈಚೆಗೆ 2.8 ವೋಲ್ಟ್ ಬರುತ್ತದೆ. ಹೊಸ ಸೆಲ್ ಯಾಕೆ ಹಾಳು ಮಾಡುವುದು ಎಂದು ನಾನು ಮೇಜಿನ ಮೇಲೆ ಇಟ್ಟಿದ್ದು ಹಳೇ ಸೆಲ್. ಅದೂ 2.8ಕ್ಕೇ ಇಳಿದಿತ್ತು. ಹೀಗಾಗಿ ಬೋರ್ಡ್ ಕರೆಂಟಿನ ಬಹುಪಾಲನ್ನು ಕೇಬಲ್‌ನಿಂದಲೇ ಕುಡಿಯುತ್ತಿತ್ತು. ಸೆಲ್‌ನಿಂದ, ಅಂದರೆ ಮೀಟರ್ ಮೂಲಕ, ಬರುತ್ತಿದ್ದದ್ದು ಆ 6 ಮಾತ್ರ. ಕೇಬಲ್ ಕಿತ್ತು ಅಳೆದರೆ 58 ಮೈಕ್ರೋಆಂಪ್! ಬ್ಯಾಟರಿ ವೋಲ್ಟೇಜ್ ನೋಡಲು 27 ಕಿಲೋಓಮ್‌ನ ಎರಡು ರೆಸಿಸ್ಟರ್ ಹಾಕಿದ್ದೆ, ಅವೇ ಹಗಲು ರಾತ್ರಿ 50ಕ್ಕೂ ಜಾಸ್ತಿ ಎಳೆಯುತ್ತಿದ್ದವು.

ಲಕ್ಷ ರೂಪಾಯಿಯ ಮೀಟರ್ ಇಟ್ಟಿದ್ದರೂ ಅವತ್ತು 6 ಎಂದೇ ತೋರಿಸುತ್ತಿತ್ತು. ಅದರ ಮೂಲಕ ಹರಿದದ್ದೇ ಅಷ್ಟು. ಅದಕ್ಕೇ ಶೇ. 1 ಬೇಕಾ, 10 ಬೇಕಾ ಎನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಶೇ. 10 ತಪ್ಪಿದರೆ 3 ವರ್ಷದಲ್ಲಿ ನಾಲ್ಕು ತಿಂಗಳು ಹೆಚ್ಚುಕಮ್ಮಿ. ನಾನು ತಪ್ಪಿದ್ದು ಹತ್ತು ಪಟ್ಟು.

ಮಲ್ಟಿಮೀಟರ್‌ಗೆ ಇನ್ನೊಂದು ತೊಂದರೆ ಇದೆ. ಮೈಕ್ರೋಆಂಪ್ ರೇಂಜಿನಲ್ಲಿ ಒಳಗಿನ ರೆಸಿಸ್ಟರ್ ದೊಡ್ಡದು. ಫ್ಲೂಕ್ 87ವಿ ಅಂಥ ಒಳ್ಳೇ ಮಲ್ಟಿಮೀಟರ್‌ನಲ್ಲೂ ಒಂದು ಮೈಕ್ರೋಆಂಪ್‌ಗೆ 100 ಮೈಕ್ರೋವೋಲ್ಟ್ ಅಲ್ಲೇ ಕಳೆಯುತ್ತದೆ. ರೇಡಿಯೋ ಎದ್ದು 5 ಮಿಲಿಆಂಪ್ ಎಳೆದರೆ ಅರ್ಧ ವೋಲ್ಟ್ ಹೋಯಿತು. ಸೆಲ್ ಹಳೇದಾಗಿದ್ದರೆ ಬೋರ್ಡ್ ರೀಸೆಟ್ ಆಗುತ್ತದೆ. ಕೆಲವೇ ಮಿಲಿಸೆಕೆಂಡಿನ ಆ ಏರಿಳಿತ ಮೀಟರ್ ಪರದೆಗೆ ಬರುವುದೂ ಇಲ್ಲ. ದುಡ್ಡು ಹಾಕುವುದೇ ಆದರೆ ನಾರ್ಡಿಕ್ ಕಂಪನಿಯ ಪಿಪಿಕೆ2 ಎಂಬ ಕರೆಂಟ್ ಅಳೆಯುವ ಬೋರ್ಡ್ ತೆಗೆದುಕೊಳ್ಳಿ. 200 ನ್ಯಾನೋಆಂಪ್‌ನಿಂದ 1 ಆಂಪ್‌ವರೆಗೆ ತಾನೇ ರೇಂಜ್ ಬದಲಿಸುತ್ತದೆ, ಸೆಕೆಂಡಿಗೆ ಒಂದು ಲಕ್ಷ ಸಲ ಅಳೆಯುತ್ತದೆ. ಆದರೆ ಕೇಬಲ್ ಚುಚ್ಚಿದ್ದರೆ ಅದಕ್ಕೂ ಗೊತ್ತಾಗುವುದಿಲ್ಲ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಶೇ. 1ರ, 1 ಮೆಗಾಓಮ್ ರೆಸಿಸ್ಟರ್ ತನ್ನಿ. ಹೊಸ 3 ವೋಲ್ಟ್ ಸೆಲ್‌ಗೆ ಮೀಟರ್ ಮೂಲಕ ಸೇರಿಸಿ. 3 ಮೈಕ್ರೋಆಂಪ್ ಆಸುಪಾಸು ತೋರಿಸಬೇಕು. ತೋರಿಸಿದರೆ ಮಲಗಿದ ಬೋರ್ಡಿಗೆ ನಿಮ್ಮ ಈಗಿನ ಮೀಟರೇ ಸಾಕು. ಆಮೇಲೆ ಬೋರ್ಡಿನಿಂದ ಸೀರಿಯಲ್, ಪ್ರೋಗ್ರಾಮರ್, ಸ್ಕೋಪ್ ಪ್ರೋಬ್ ಎಲ್ಲಾ ಕಿತ್ತು, ಸೆಲ್ ಒಂದನ್ನೇ ಬಿಟ್ಟು ಅಳೆಯಿರಿ. ಅವೆಲ್ಲಾ ಚುಚ್ಚಿದ್ದಾಗ ಬಂದದ್ದಕ್ಕಿಂತ ಜಾಸ್ತಿ ಬಂದರೆ ಆ ಅಂಕಿಯನ್ನೇ ನಂಬಿ.