ಸತ್ರಪನೆಂದರೆ ಸಾಮಂತನೇ?

ಪ್ರಿಯ ಮೇಷ್ಟ್ರೇ,

ಕಳೆದ ಸಂಚಿಕೆಯ ಪರ್ಷಿಯಾ ಲೇಖನದಲ್ಲಿ ‘ಸತ್ರಪರೆಂಬ ಸಾಮಂತರು’ ಎಂದಿದ್ದನ್ನು ನೀವು ಆಕ್ಷೇಪಿಸಿದ್ದೀರಿ. ಬರೀ ಸಾಮಂತರನ್ನು ನಂಬಿಕೊಂಡು ಸಿಂಧೂ ನದಿಯಿಂದ ಏಜಿಯನ್ ಕಡಲಿನವರೆಗಿನ ರಾಜ್ಯ ಇನ್ನೂರು ವರ್ಷ ನಿಂತೀತೇ ಎಂದು ಕೇಳಿದ್ದೀರಿ. ತಪ್ಪು ನನ್ನದು. ಓದುಗರಿಗೆ ಬೇಗ ತಿಳಿಯಲೆಂದು ಆ ಪದವನ್ನು ಸೇರಿಸಿದವನು ನಾನೇ.

ನಮ್ಮ ಸಾಮಂತ ತನ್ನ ನೆಲ, ತನ್ನ ವಂಶ, ತನ್ನ ದಂಡು ಉಳಿಸಿಕೊಂಡೇ ಚಕ್ರವರ್ತಿಗೆ ಕಪ್ಪ ಕೊಡುತ್ತಿದ್ದವನು. ಸತ್ರಪ ಹಾಗಲ್ಲ, ಪ್ರಾಂತವೊಂದನ್ನು ಆಳಲು ಪರ್ಷಿಯಾದ ರಾಜ ನೇಮಿಸಿದ ಅಧಿಕಾರಿ. ಹೆಸರಿನ ಅರ್ಥವೇ ‘ರಾಜ್ಯವನ್ನು ಕಾಯುವವನು’. ಪಶ್ಚಿಮ ಭಾರತವನ್ನಾಳಿದ ಶಕ ದೊರೆ ನಹಪಾನನ ‘ಕ್ಷತ್ರಪ’ ಬಿರುದಿನ ಮೂಲವೂ ಅದೇ. ತೆರಿಗೆ, ನ್ಯಾಯ ಅವನ ಕೈಯಲ್ಲಿದ್ದವು. ಕೋಟೆಗಳ ಕಾವಲುಪಡೆಯ ನಾಯಕರು ಮಾತ್ರ ನೇರವಾಗಿ ರಾಜನಿಗೇ ಉತ್ತರ ಹೇಳಬೇಕಿತ್ತು ಎನ್ನುತ್ತಾನೆ ಗ್ರೀಕ್ ಲೇಖಕ ಕ್ಸೆನೊಫೊನ್. ಇನ್ನು ಸತ್ರಪನ ಪಕ್ಕದಲ್ಲೇ ರಾಜನ ಕಡೆಯ ಕರಣಿಕನೊಬ್ಬ ಇರುತ್ತಿದ್ದ.

ಆ ಕರಣಿಕನ ತೂಕ ಎಷ್ಟೆಂಬುದಕ್ಕೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಪ್ರಸಂಗವೊಂದು ಸಾಕು. ಕ್ರಿ.ಪೂ. 522ರಲ್ಲಿ ದಾರಿಯಸ್ ಪಟ್ಟಕ್ಕೆ ಬಂದಾಗ ಈಗಿನ ಟರ್ಕಿಯಲ್ಲಿರುವ ಸಾರ್ದಿಸ್‌ನ ಸತ್ರಪ ಒರೊಯಿಟಿಸ್ ಸೊಕ್ಕಿ ಕೂತಿದ್ದ. ರಾಜನ ದೂತನನ್ನೇ ಕೊಲ್ಲಿಸಿದ್ದ. ಅವನ ಮೈಗಾವಲಿಗೆ 1,000 ಪರ್ಷಿಯನ್ ಸೈನಿಕರಿದ್ದರು. ದಾರಿಯಸ್ ದಂಡು ಕಳಿಸಲಿಲ್ಲ. ಬಗಾಯಿಯಸ್ ಎಂಬವನ ಕೈಯಲ್ಲಿ ರಾಜಮುದ್ರೆಯೊತ್ತಿದ ಪತ್ರಗಳನ್ನು ಕೊಟ್ಟು ಕಳಿಸಿದ. ಅವನು ಒಂದೊಂದನ್ನೇ ಬಿಚ್ಚಿ ಕರಣಿಕನ ಕೈಗಿತ್ತ, ಕರಣಿಕ ಗಟ್ಟಿಯಾಗಿ ಓದಿದ. ಸೈನಿಕರು ಪತ್ರಗಳಿಗೆ ತೋರಿದ ಭಯಭಕ್ತಿಯನ್ನು ಬಗಾಯಿಯಸ್ ಗಮನಿಸುತ್ತಲೇ ಇದ್ದ. ‘ಒರೊಯಿಟಿಸ್‌ಗೆ ಕಾವಲು ನಿಲ್ಲಬೇಡಿ’ ಎಂಬ ಪತ್ರ ಓದಿದಾಗ ಅವರು ಈಟಿ ಕೆಳಗಿಟ್ಟರು. ಕೊನೆಯ ಪತ್ರ ‘ಅವನನ್ನು ಕೊಲ್ಲಿ’ ಎಂದಿತು. ಅಲ್ಲೇ ಕೊಂದರು.

ಇದರಲ್ಲಿ ಕಥೆ ಎಷ್ಟು, ಚರಿತ್ರೆ ಎಷ್ಟು ಎಂದು ವಾದ ಮಾಡಬಹುದು. ಆದರೆ ಮುದ್ರೆಯ ಮಹತ್ವಕ್ಕೆ ಪರ್ಷಿಯಾದ ರಾಜಧಾನಿಗಳಲ್ಲೊಂದಾದ ಪರ್ಸೆಪೊಲಿಸ್‌ನ ಮಣ್ಣಿನ ಹಲಗೆಗಳೇ ಸಾಕ್ಷಿ. 1933-34ರಲ್ಲಿ ಸಾವಿರಗಟ್ಟಲೆ ಸಿಕ್ಕ, ದಾರಿಯಸ್ ಕಾಲದ ಲೆಕ್ಕಪತ್ರಗಳಿವು. ಮೊಹರು ಬಿದ್ದ ಅಪ್ಪಣೆ ತೋರಿಸಿದ ಪ್ರಯಾಣಿಕನಿಗೆ ದಾರಿಯ ಠಾಣೆಗಳಲ್ಲಿ ಹಿಟ್ಟು, ಮದ್ಯ ಅಳೆದು ಕೊಟ್ಟದ್ದು ಅಲ್ಲಿ ಬರೆದಿದೆ. ಸಿಂಧೂ ಸೀಮೆಯಿಂದ ಹೋದವರೂ ಆ ಲೆಕ್ಕದಲ್ಲಿದ್ದಾರೆ!

ಈ ಬಿಗಿ ಸದಾ ಉಳಿಯಲಿಲ್ಲ. ಕೆಲವೆಡೆ ಸತ್ರಪ ಪದವಿ ಅಪ್ಪನಿಂದ ಮಗನಿಗೆ ಇಳಿಯಿತು; ಕ್ರಿ.ಪೂ. 360ರ ದಶಕದಲ್ಲಿ ರಾಜ ಎರಡನೆಯ ಅರ್ಟಕ್ಸರ್ಕ್ಸಿಸ್‌ನ ವಿರುದ್ಧ ಹಲವು ಸತ್ರಪರು ದಂಗೆಯೆದ್ದರು. ನಾನು ಬಳಸಿದ ಪದ ಅವರಿಗೆ ಅಷ್ಟೋ ಇಷ್ಟೋ ಹೊಂದೀತು, ದಾರಿಯಸ್‌ನ ಸತ್ರಪರಿಗೆ ಖಂಡಿತ ಇಲ್ಲ. ಈ ಪುಟದಲ್ಲೇ ತಿದ್ದುಪಡಿ ಅಚ್ಚು ಹಾಕಿದ್ದೇವೆ.

— ಸಂಪಾದಕ