ಹಾಂಗ್‌ಕಾಂಗ್‌ನ ಪಾರ್ಕಿಂಗ್‌ನಲ್ಲಿ ಕಂಡ ‘ಶ್ರಾಫ್’ ಎಂಬ ಪದದ ಅರ್ಥವೇನು?

ಹಾಂಗ್‌ಕಾಂಗ್‌ನಲ್ಲಿ ಕಾರು ನಿಲ್ಲಿಸಿದ ಕಡೆ ‘ಶ್ರಾಫ್’ ಎಂಬ ಇಂಗ್ಲಿಷ್ ಬೋರ್ಡ್ ನೋಡಿದಿರಿ. ಅದು ಚೀನೀ ಪದವೇ, ನಟ ಜಾಕಿ ಶ್ರಾಫ್ ಹೆಸರಿಗೂ ಅದಕ್ಕೂ ನಂಟಿದೆಯೇ ಎಂದು ಕೇಳಿದ್ದೀರಿ. ಚೀನೀ ಪದವಲ್ಲ. ನಂಟಂತೂ ಇದೆ, ಎರಡೂ ಒಂದೇ ಪದ. ನಮಗೂ ಅದು ಹೊರಗಿನದಲ್ಲ. ಉತ್ತರ ಕರ್ನಾಟಕದ ಕಡೆ ಸರಾಫ, ಶರಾಫ ಎಂದರೆ ಬೆಳ್ಳಿ ಬಂಗಾರದ ವ್ಯಾಪಾರಿ. ಕಲಬುರಗಿಯಲ್ಲಿ ಸರಾಫ್ ಬಜಾರ್ ಇದೆ.

ಮೂಲ ಅರಬ್ಬಿ. ‘ಸರ್ಫ್’ ಅಂದರೆ ವಿನಿಮಯ, ಆ ಕಸುಬಿನವನು ‘ಸರ್ರಾಫ್’. ಪಾರಸಿಯ ಮೂಲಕ ಇಲ್ಲಿಗೆ ಬಂದು ಗುಜರಾತಿಯಲ್ಲಿ ಶರಾಫ್ ಆಯಿತು. ಇಂಗ್ಲಿಷ್ ವರ್ತಕರು ನಡುವಿನ ಸ್ವರ ನುಂಗಿ ಶ್ರಾಫ್ ಎಂದರು. ‘ಶರೀಫ್’ ಎಂಬ ಪದದೊಡನೆ ಇದನ್ನು ಬೆರೆಸಬೇಡಿ, ಅದರ ಧಾತುವೇ ಬೇರೆ.

ಈಗ ಕೋಶಗಳು ಕೊಡುವ ‘ಕ್ಯಾಷಿಯರ್’ ಎಂಬ ಅರ್ಥ ನನಗೆ ಸಾಲದು. ಹಣ ಎಣಿಸುವುದು ಶರಾಫನ ಕೆಲಸದ ಕೊನೆಯ ಹಂತ. ಮೊದಲ ಕೆಲಸ ಪರೀಕ್ಷೆ: ನಾಣ್ಯವನ್ನು ಕಲ್ಲಿನ ಮೇಲೆ ಚಿಮ್ಮಿ ದನಿ ಕೇಳಬೇಕು, ತೂಗಬೇಕು, ಚಿನ್ನವಾದರೆ ಒರೆಗೆ ಹಚ್ಚಬೇಕು. ಆ ಕಾಲದ ಪೇಟೆಯನ್ನು ನೆನೆಸಿಕೊಳ್ಳಿ. ನಮ್ಮ ಕಡೆಯೇ ಇಕ್ಕೇರಿ ವರಹ, ಬಹಾದೂರಿ ವರಹ, ಕಂಠೀರಾಯ ಹಣ, ಆರ್ಕಾಟು ರೂಪಾಯಿ ಎಲ್ಲ ಒಟ್ಟಿಗೆ ಚಲಾವಣೆಯಲ್ಲಿದ್ದವು. ಯಾವುದಕ್ಕೆ ಯಾವುದು ಎಷ್ಟು ಸಮ ಎಂದು ಹೇಳುವವನು ಒಬ್ಬ ಬೇಕೇ ಬೇಕು. ಬಂಗಾಳದಲ್ಲಿ ಇನ್ನೂ ವಿಚಿತ್ರ. ಟಂಕಿಸಿದ ವರ್ಷ ಹಳೆಯದಾದರೆ ಸಾಕು, ತೂಕ ಹಾಗೇ ಇದ್ದರೂ ರೂಪಾಯಿಯ ಬೆಲೆ ಇಳಿಯುತ್ತಿತ್ತು. ಶರಾಫರು ಹಾಗೆ ಮುರಿದುಕೊಳ್ಳುವುದಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳಲ್ಲಿ ‘ಬಟ್ಟಾ’ ಎನ್ನುತ್ತಾರೆ, ಕನ್ನಡದಲ್ಲಿ ವಟ್ಟ. ಕೊನೆಗೆ ಕಂಪನಿಯವರು ಯಾವ ವರ್ಷ ಅಚ್ಚು ಹಾಕಿದರೂ ಮೊಗಲ್ ಬಾದಶಹ ಶಾ ಆಲಂನ ಆಳ್ವಿಕೆಯ 19ನೇ ವರ್ಷ ಎಂದೇ ಮುದ್ರಿಸತೊಡಗಿದರು, ನಾಣ್ಯದ ವಯಸ್ಸೇ ತಿಳಿಯದಿರಲಿ ಎಂದು! 1835ರಲ್ಲಿ 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ ಒಂದೇ ರೂಪಾಯಿ ಕಂಪನಿಯ ಸೀಮೆಗೆಲ್ಲ ಬಂದ ಮೇಲೆ ಶರಾಫರ ಈ ಆದಾಯ ಕರಗುತ್ತ ಹೋಯಿತು.

ಆದರೆ ಪದ ಅಷ್ಟರಲ್ಲಿ ಹಡಗು ಹತ್ತಿತ್ತು. ಚೀನಾದ ಬಂದರುಗಳಲ್ಲಿ ಸ್ಪೇನಿನ, ಮೆಕ್ಸಿಕೊದ ಬೆಳ್ಳಿ ಡಾಲರುಗಳು ಓಡಾಡುತ್ತಿದ್ದವು. ಒಳಗಿನ ಬೆಳ್ಳಿ ಕೆರೆದು ತೆಗೆದು ತಾಮ್ರವನ್ನೋ ಸೀಸವನ್ನೋ ತುಂಬುವ ಮೋಸವೂ ಜೋರಾಗಿತ್ತು. ವಿದೇಶಿ ಕಂಪನಿಗಳು ಡಾಲರು ನೋಡುವುದಕ್ಕೆ ಚೀನೀ ಪರಿಣತರನ್ನು ಇಟ್ಟುಕೊಂಡು ಅವರನ್ನೂ ಶ್ರಾಫ್ ಎಂದೇ ಕರೆದವು. ಕ್ಯಾಂಟನ್‌ನಲ್ಲಿ (ಈಗಿನ ಗುವಾಂಗ್‌ಝೌ) ಈ ವಿದ್ಯೆ ಕಲಿಸುವ ಶಾಲೆಗಳಿದ್ದವು, ಗುರುಗಳು ಶಿಷ್ಯರ ಅಭ್ಯಾಸಕ್ಕೆಂದೇ ಖೋಟಾ ಡಾಲರುಗಳನ್ನು ಇಟ್ಟುಕೊಂಡಿರುತ್ತಿದ್ದರು ಎಂದು 1870ರ ದಶಕದಲ್ಲೇ ದಾಖಲಾಗಿದೆ. ನನಗೆ ಈ ಪದದ ಕಥೆಯಲ್ಲಿ ತೀರ ಮೆಚ್ಚುಗೆಯಾದದ್ದು ಈ ಶಾಲೆಯೇ. ಖೋಟಾ ಕೈಗೆ ಹತ್ತದೆ ಸಾಚಾ ಹೇಗೆ ಗೊತ್ತಾಗಬೇಕು? ಇಂಗ್ಲಿಷ್‌ನಲ್ಲಿ ಶ್ರಾಫ್ ಕ್ರಿಯಾಪದವೂ ಆಗಿತ್ತು: ನಾಣ್ಯ ಆರಿಸುವುದು, ಅದರಿಂದ ಮುಂದೆ ಯಾವುದರಲ್ಲೇ ಆಗಲಿ ಒಳ್ಳೆಯದು ಕೆಟ್ಟದ್ದು ಬೇರ್ಪಡಿಸುವುದು. ಕನ್ನಡದ ‘ಚಿನಿವಾರ’ ಇದಕ್ಕೆ ಹತ್ತಿರದ ಮಾತು. ಪತ್ರಿಕೆಯಲ್ಲಿ ಚಿನ್ನ ಬೆಳ್ಳಿ ಧಾರಣೆಯ ಮೇಲೆ ‘ಚಿನಿವಾರ ಪೇಟೆ’ ಎಂದಿರುವುದನ್ನು ನೀವು ನೋಡಿರುತ್ತೀರಿ.

ಮದ್ರಾಸ್ ಪ್ರಾಂತ್ಯದ ಖಜಾನೆಗಳಲ್ಲಿ ಶ್ರಾಫ್ ಎಂಬ ಹುದ್ದೆಯೇ ಇತ್ತು. ಅರಬ್ ದೇಶಗಳಲ್ಲಿ ಇವತ್ತಿಗೂ ಎಟಿಎಂ ಮೇಲೆ ‘ಸರ್ರಾಫ್ ಆಲಿ’, ಅಂದರೆ ಯಂತ್ರ ಶರಾಫ, ಎಂದು ಬರೆದಿರುತ್ತದೆ. ಗಲ್ಫ್‌ನಲ್ಲಿರುವ ನಮ್ಮವರು ದಿನಾ ನೋಡುವ ಬೋರ್ಡ್ ಅದು.

ಹಾಂಗ್‌ಕಾಂಗ್‌ನಲ್ಲಿ ಮಾತ್ರ ಪರೀಕ್ಷೆ ಬಿಟ್ಟುಹೋಗಿ ಹಣ ಕಟ್ಟುವ ಕಿಟಕಿಯಷ್ಟೇ ಉಳಿದಿದೆ, ಆಸ್ಪತ್ರೆಗಳಲ್ಲೂ ಹಾಗೆಯೇ. ಮುಂದಿನ ಸಲ ಹೋದಾಗ ಕಾರು ಹತ್ತುವ ಮೊದಲೇ ಚೀಟಿ ಹಿಡಿದು ಆ ಕಿಟಕಿಗೆ ಹೋಗಿ.